ಪ್ರಾಜೆಕ್ಟ್ ಕೆಲಸಕ್ಕೂ ಅರ್ಜಿ ಹಾಕು ಮಗಳೇ

ಕುದೂರು

ಪ್ರೀತಿಯ ಮಗಳೇ,

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಲೆಕ್ಚರರ್ ಪೋಸ್ಟು ಯಾವಾಗ ಕರೆಯುತ್ತಾರೋ ಎಂದು ಬೆಂಗಳೂರಲ್ಲಿ ಕಾಯುತ್ತಾ ಕೂತಿದ್ದೀಯ ಎಂದು ನಿಮ್ಮಪ್ಪ ಈ ದೊಡ್ಡಪ್ಪನಿಗೆ ಹೇಳಿದ. ಖಾಯಂ ನೌಕರಿಯ ಆಸೆ ತಪ್ಪಲ್ಲ. ಆದರೆ ವಿಶ್ವವಿದ್ಯಾಲಯ ನಡೆಯುವುದು ಪಾಠ ಹೇಳುವವರೊಬ್ಬರಿಂದಲೇ ಅಲ್ಲ. ಲ್ಯಾಬು, ಲೈಬ್ರರಿ, ಪ್ರಯೋಗದ ತಾಕು, ಆಫೀಸು ಎಲ್ಲ ಕಡೆಯೂ ಕೈಗಳು ಬೇಕು.

ತಾಕಿನ ಕೆಲಸವನ್ನೇ ನೋಡು. ಇಂಡಾಫ್ ರಾಗಿ ನಿನಗೆ ಗೊತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಪಡೆದ ತಳಿಗಳು ಅವು. ರಾಗಿ ಹೂವು ತೀರಾ ಚಿಕ್ಕದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹಾಗಾಗಿ ಎರಡು ತೆನೆ ಒಟ್ಟಿಗೆ ಕಟ್ಟಿ, ಚೀಲ ತೊಡಿಸಿ, ಬಂದ ಬೀಜ ಬಿತ್ತಿ, ಸಾಲು ಸಾಲು ಪೈರಿನ ನಡುವೆ ನಿಜವಾದ ಸಂಕರದ ಗಿಡ ಯಾವುದು ಎಂದು ಬಣ್ಣ ನೋಡಿ ಹುಡುಕುವ ಪದ್ಧತಿ ಇದೆ. ಆ ಕೆಲಸಕ್ಕೆ ಹೊಲ ಗೊತ್ತಿರುವ ಕಣ್ಣು ಬೇಕು. ನಿಮ್ಮಮ್ಮನ ಜೊತೆ ಕಳೆ ತೆಗೆದು ಬೆಳೆದವಳು ನೀನು. ಅದನ್ನು ಸಂದರ್ಶನದಲ್ಲಿ ಮುಚ್ಚಿಡಬೇಡ, ಮೊದಲು ಹೇಳು.

ಜಿ.ಕೆ.ವಿ.ಕೆ.ಯ ಕೃಷಿ ವಿಶ್ವವಿದ್ಯಾಲಯ, ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ, ಐ.ಐ.ಎಸ್ಸಿ. ಮೂರರ ವೆಬ್‌ಸೈಟಿನಲ್ಲೂ ನೇಮಕಾತಿ ವಿಭಾಗವನ್ನು ವಾರಕ್ಕೊಮ್ಮೆ ನೋಡು. ಪ್ರಾಜೆಕ್ಟ್ ಕೆಲಸಗಳಿಗೆ ಎಷ್ಟೋ ಸಲ ನೇರ ಸಂದರ್ಶನವೇ ಇರುತ್ತದೆ, ಗಡುವು ಕಡಿಮೆ. ನೆಟ್ ಅಥವಾ ಗೇಟ್ ಪಾಸಾದವರಿಗೆ ಕೇಂದ್ರದ ಯೋಜನೆಗಳಲ್ಲಿ ಜೆ.ಆರ್.ಎಫ್. ಸಿಗುತ್ತದೆ, 2023ರಿಂದ ಅದು ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ನಿನಗಿನ್ನೂ ನೆಟ್ ಆಗಿಲ್ಲವಲ್ಲ, ಪ್ರಾಜೆಕ್ಟ್ ಅಸಿಸ್ಟೆಂಟ್, ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರು. ಸಂಬಳ ಕಡಿಮೆ, ಕಲಿಕೆ ಕಡಿಮೆಯಲ್ಲ. ಸಂಜೆ ಹೊತ್ತು ನೆಟ್‌ಗೆ ಓದು.

ಪ್ರಾಧ್ಯಾಪಕರಿಗೆ ಪತ್ರ ಬರೆಯುವ ಮುಂಚೆ ಅವರ ಒಂದು ಲೇಖನವನ್ನಾದರೂ ಓದು. ಹತ್ತು ಜನಕ್ಕೆ ಒಂದೇ ಒಕ್ಕಣೆ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ, ಉತ್ತರಿಸಬೇಕಾಗಿಯೂ ಇಲ್ಲ.

ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ, ಇದನ್ನು ತಿಳಿದೇ ಸೇರು. ಎಷ್ಟು ತಿಂಗಳು, ಎಷ್ಟು ಸಂಬಳ ಎಂದು ಆದೇಶದಲ್ಲಿ ಬರೆದಿರಲಿ. ಬಿಡುವಾಗ ಅನುಭವ ಪ್ರಮಾಣಪತ್ರ ಕೇಳಿ ತಗೋ. ಖಾಯಂ ಮಾಡಿಸಿಕೊಡ್ತೀನಿ, ಇಷ್ಟು ಲಕ್ಷ ಕೊಡಿ ಎಂದು ಬರುವವರನ್ನು ಬಾಗಿಲಲ್ಲೇ ಕಳಿಸು. ನಿಮ್ಮಪ್ಪ ಜಮೀನು ಅಡ ಇಡುವ ಮಾತಾಡಿದ್ದು ಕೇಳಿ ನನಗೆ ನಿದ್ದೆ ಬರಲಿಲ್ಲ. ಅವನಿಗೆ ನಾನು ಹೇಳಿದ್ದೇನೆ, ನೀನೂ ಹೇಳು.

ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರ ಹುದ್ದೆಗಳನ್ನೂ ಬಿಡಬೇಡ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದವಳು ನೀನು. ರಾಜ್ಯದ ನೇಮಕಾತಿಯಲ್ಲಿ ಹಳ್ಳಿ ಓದು, ಕನ್ನಡ ಮಾಧ್ಯಮ ಎರಡಕ್ಕೂ ಮೀಸಲಾತಿ ಇದೆ. ಅದರ ಪ್ರಮಾಣಪತ್ರಗಳಿಗೆ ಹೆಡ್‌ಮಾಸ್ಟರ ಸಹಿ, ಮಾಗಡಿ ಬಿ.ಇ.ಒ. ಮೇಲುಸಹಿ ಈಗಲೇ ಮಾಡಿಸಿಡು. ಅರ್ಜಿ ಕರೆದ ಮೇಲೆ ಓಡಾಡಿದರೆ ಕೊನೇ ದಿನ ಮೀರುತ್ತದೆ.

ನಮ್ಮ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲೇ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರ ಇದೆ. ಮೊದಲು ಅಲ್ಲಿ ಹೋಗಿ ವಿಚಾರಿಸೋಣ, ನಾನೂ ಬರುತ್ತೇನೆ. ಈ ಶನಿವಾರ ಊರಿಗೆ ಬರುವಾಗ ಮೂಲ ಅಂಕಪಟ್ಟಿಗಳನ್ನೂ ಎರಡು ಸೆಟ್ ಜೆರಾಕ್ಸನ್ನೂ ತಪ್ಪದೆ ತಾ.

ಇಂತಿ ನಿನ್ನ
ದೊಡ್ಡಪ್ಪ