ಮೊಬೈಲ್ ವಿಕಿರಣ: ಗೋಪುರವೋ, ಕೈಯಲ್ಲಿನ ಸಾಧನವೋ?

ಮೊಬೈಲ್ ಹೊರಸೂಸುವ ರೇಡಿಯೊ ತರಂಗಗಳು ಕ್ಷ-ಕಿರಣಗಳಂತೆ ಜೀವಕೋಶದ ಅಣುಗಳನ್ನು ಒಡೆಯಲಾರವು. ಅಂಗಾಂಶವನ್ನು ಅಲ್ಪವಾಗಿ ಬಿಸಿಮಾಡಬಲ್ಲವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇವನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ 2ಬಿ ವರ್ಗಕ್ಕೆ ಸೇರಿಸಿತು. (ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿದೆ!) 2024ರ ವ್ಯಾಪಕ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಂಡುಬರಲಿಲ್ಲ.

ವರ್ತಕರು ಅಂಜುವುದು ಮಾಳಿಗೆಯ ಮೇಲಿನ ಗೋಪುರಕ್ಕೆ. ಆದರೆ ಅದರ ತರಂಗಗಳು ದೂರ ಹೆಚ್ಚಿದಂತೆ ಬೇಗನೆ ಕ್ಷೀಣಿಸುತ್ತವೆ. ಕಿವಿಗೊತ್ತಿದ ಮೊಬೈಲಿನದೇ ದೊಡ್ಡ ಪಾಲು. ಸಿಗ್ನಲ್ ದುರ್ಬಲವಾದ ತಗಡಿನ ಗೋದಾಮು, ನೆಲಮಾಳಿಗೆಗಳಲ್ಲಿ ಅದು ತನ್ನ ಪ್ರಸಾರಶಕ್ತಿಯನ್ನು ತಾನೇ ಏರಿಸಿಕೊಳ್ಳುತ್ತದೆ. ದೀರ್ಘ ವ್ಯವಹಾರದ ಮಾತಿದ್ದರೆ ಹೊರಗೆ ಬರುವುದು, ಇಲ್ಲವೇ ಇಯರ್‌ಫೋನ್ ಬಳಸುವುದು ಲೇಸು.

ಅಂಗಾಂಶವು ಹೀರುವ ವಿಕಿರಣಕ್ಕೆ ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಕಿಲೋಗ್ರಾಂಗೆ 1.6 ವ್ಯಾಟ್ ಮಿತಿಯಿದೆ. ಹಲವು ಮೊಬೈಲ್‌ಗಳಲ್ಲಿ *#07# ಒತ್ತಿ, ಆಯಾ ಮಾದರಿಯ ಪ್ರಮಾಣವನ್ನು ಮಾರಾಟಗಾರರು ಗ್ರಾಹಕರಿಗೆ ತೋರಿಸಬಹುದು.