ವರುಷದ ಕಾಳನ್ನು ಕೊಳ್ಳುವದೂ ಕೆಡದಂತೆ ಇಡುವದೂ

ಸಂಸಾರ ನಡಿಸುವವರಿಗೆ ಉಪಯೋಗವಾಗತಕ್ಕ ಒಂದು ಸಂಗತಿಯನ್ನು ಈ ಸಾರಿ ಪಾಠವಾಗಿ ತೆಗೆದುಕೊಂಡಿದ್ದೇವೆ. ಅದು ಯಾವದಂದರೆ, ಸುಗ್ಗಿಯ ಕಾಲದಲ್ಲಿ ಜೋಳವನ್ನು ವರುಷಕ್ಕೆ ಸಾಲುವಷ್ಟು ಒಟ್ಟಿಗೆ ಕೊಂಡು, ಮನೆಯಲ್ಲಿ ಕೆಡದ ಹಾಗೆ ಇಡುವ ಕ್ರಮವೇ. ಧಾರವಾಡ, ಗದಗ, ವಿಜಯಪುರ ಸೀಮೆಗಳಲ್ಲಿ ರೊಟ್ಟಿಯೇ ಮುಖ್ಯ ಆಹಾರವಾದ್ದರಿಂದ ಜೋಳವನ್ನೇ ಮುಂದಿಟ್ಟುಕೊಂಡು ಬರೆಯುತ್ತೇವೆ. ಮಿಕ್ಕ ಕಾಳುಗಳ ವಿಷಯವಾಗಿ ಬೇಕಾದಲ್ಲಿ ಎರಡು ಮಾತು ಹೇಳುವೆವು.

ಹೊಲವುಳ್ಳವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ನಮ್ಮವರಲ್ಲಿ ಅನೇಕರು ಕೂಲಿಯಿಂದ ಜೀವಿಸುವವರಾಗಿ, ಸಂತೆಯಿಂದ ಸಂತೆಗೆ ಐದು ಕಿಲೋ, ಹತ್ತು ಕಿಲೋ ಕೊಳ್ಳುತ್ತಾರೆ. ಹಿಂಗಾರಿಯ ಬಿಳಿಜೋಳವು ಕಣದಿಂದ ಬರುವ ಫೆಬ್ರುವರಿ ಮಾರ್ಚಿ ತಿಂಗಳುಗಳಲ್ಲಿ ಧಾರಣೆಯು ಸಾಮಾನ್ಯವಾಗಿ ಇಳಿದಿರುತ್ತದೆ. ಮಳೆಗಾಲವು ನಡುವಿಗೆ ಬರುವಾಗ ಏರಿರುತ್ತದೆ. ಹೀಗೆ ಕೈಯಲ್ಲಿ ಹಣ ಕಡಿಮೆ ಇರುವವನೇ ಕಾಳಿಗೆ ಹೆಚ್ಚು ಕ್ರಯ ಕೊಡುವವನಾಗುತ್ತಾನೆ. ಇದು ಅವನ ಸೋಮಾರಿತನದಿಂದ ಆದದ್ದೆಂದು ಹೇಳುವವರು ಲೆಕ್ಕವನ್ನು ಬರೆದು ನೋಡಿದವರಲ್ಲ.

ಲೆಕ್ಕವನ್ನು ನಾವೇ ಬರೆಯೋಣ. ಗಂಡ ಹೆಂಡತಿ, ಒಬ್ಬ ಮುದುಕಿ, ಇಬ್ಬರು ಮಕ್ಕಳು, ಅಂತೂ ಐದು ಮಂದಿಯ ಮನೆ. ದುಡಿಯುವ ಇಬ್ಬರಿಗೆ ದಿವಸಕ್ಕೆ ೪೦೦ ಗ್ರಾಮಿನಂತೆ ೮೦೦, ಮುದುಕಿಗೆ ೩೦೦, ಮಕ್ಕಳಿಗೆ ೨೫೦ರಂತೆ ೫೦೦, ಒಟ್ಟು ೧೬೦೦ ಗ್ರಾಮು ಕಾಳು ಬೇಕೆಂದು ಎಣಿಸಿದರೆ, ವರುಷಕ್ಕೆ ೫೮೪ ಕಿಲೋ, ಅಂದರೆ ಹೆಚ್ಚು ಕಡಿಮೆ ಆರು ಕ್ವಿಂಟಲು. ೨೦೧೩ರ ಆಹಾರ ಭದ್ರತೆಯ ಕಾಯಿದೆಯ ಪ್ರಕಾರ ಆದ್ಯತೆಯ ಕುಟುಂಬಗಳಿಗೆ ತಲೆಗೆ ತಿಂಗಳಿಗೆ ೫ ಕಿಲೋ ಧಾನ್ಯವು ಸಲ್ಲತಕ್ಕದ್ದು. ಅದು ಐವರಿಗೆ ವರುಷಕ್ಕೆ ಮೂರು ಕ್ವಿಂಟಲಾಯಿತು. ಇನ್ನು ಮೂರು ಕ್ವಿಂಟಲನ್ನು ಮನೆಯವರು ಕೊಳ್ಳಬೇಕು. ಐವತ್ತು ಕಿಲೋವಿನ ಆರು ಚೀಲಗಳು! ಇಷ್ಟನ್ನು ಒಮ್ಮೆಗೇ ಕೊಳ್ಳುವ ಹಣವು ಒಂದು ಮನೆಯಲ್ಲಿ ಇಲ್ಲದಿದ್ದರೂ, ಸುಗ್ಗಿಯ ಕೂಲಿ ಕೈಗೆ ಬರುವ ಆ ದಿವಸಗಳಲ್ಲಿ ಎರಡು ಚೀಲಕ್ಕೆ ಇದ್ದೀತು. ನಾಲ್ಕೈದು ಮನೆಯವರು ಕೂಡಿ ರೈತನ ಕಣದಿಂದಲೇ ತಂದರೆ ಬಂಡಿಯ ಬಾಡಿಗೆಯೂ ಹಂಚಿಹೋದೀತು. ಸುಗ್ಗಿಯ ಕೂಲಿಯನ್ನು ಕಾಳಾಗಿಯೇ ಕೊಡುವ ರೂಢಿಯಿರುವಲ್ಲಿ ಅದನ್ನು ಮಾರದೆ ಇಟ್ಟುಕೊಳ್ಳುವದೇ ಕೊಳ್ಳುವದಕ್ಕೆ ಸಮಾನವು. ಆದರೆ ಬಡ್ಡಿಯ ಸಾಲ ತಂದು ಕಾಳನ್ನು ಕೂಡಿಡಬೇಡಿರಿ. ಕಾಳು ಚೀಲದಲ್ಲಿ ಸುಮ್ಮನಿರುವದು, ಬಡ್ಡಿಯು ಸುಮ್ಮನಿರದು.

ಇನ್ನು ಕೊಳ್ಳುವಾಗ ನೋಡತಕ್ಕದ್ದು. ಚೀಲದ ಬಾಯಲ್ಲಿರುವ ಕಾಳನ್ನು ನೋಡಿ ಒಪ್ಪಬಾರದು. ಕೈಯನ್ನು ಮೊಣಕೈ ತನಕ ಒಳಗೆ ಹಾಕಿ ನಡುವಿನಿಂದ ಒಂದು ಹಿಡಿ ತೆಗೆಯಿರಿ. ಒಳಗೆ ಬೆಚ್ಚಗೆ ಇದ್ದರೆ ತೇವವಾದರೂ ಹುಳವಾದರೂ ಇದೆಯೆಂದು ತಿಳಿಯಬೇಕು. ಮೂಸಿ ನೋಡಿರಿ. ನಾಲ್ಕು ಕಾಳನ್ನು ಹಲ್ಲಿನಿಂದ ಕಡಿಯಿರಿ: ಒಣಗಿದ್ದು ಕಟ್ಟೆಂದು ಒಡೆಯುತ್ತದೆ, ಹಸಿಯಾದದ್ದು ಅಪ್ಪಚ್ಚಿಯಾಗುತ್ತದೆ. ಅಂಗೈಯಲ್ಲಿ ಹಿಟ್ಟಿನಂಥ ಧೂಳು ಉಳಿದರೆ ನುಸಿ ಹೊಕ್ಕಿದೆ. ಇದೆಲ್ಲವನ್ನು ನಮ್ಮ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಆದಕಾರಣ ಕಾಳು ಕೊಳ್ಳುವದಕ್ಕೆ ಗಂಡಸರು ಮಾತ್ರ ಹೋಗುವ ರೂಢಿಯನ್ನು ನಾವು ಮೆಚ್ಚುವದಿಲ್ಲ.

ಕಪ್ಪಾದ, ಬೂಸಲು ಹಿಡಿದ ಜೋಳವು ಅಗ್ಗಕ್ಕೆ ಬಂದರೂ ಮನೆಗೆ ತರಬಾರದು. ಮುಂಗಾರಿ ಜೋಳವು ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕುವದುಂಟು. ಅಂಥ ಕಾಳನ್ನು ತೊಳೆದು ಒಣಗಿಸಿ ಉಂಡರಾಯಿತೆಂದು ಕೆಲವರು ಎಣಿಸುತ್ತಾರೆ. ೧೯೯೫ರಲ್ಲಿ ದಖ್ಖಣದ ೨೭ ಹಳ್ಳಿಗಳಲ್ಲಿ ಜನರಿಗೆ ಹೊಟ್ಟೆನೋವೂ ಭೇದಿಯೂ ಹತ್ತಿದವು. ಪಂಡಿತರು ಹೋಗಿ ವಿಚಾರಿಸಲಾಗಿ, ಮಳೆಗೆ ನೆನೆದು ಬೂಸಲು ಹಿಡಿದ ಜೋಳವನ್ನೂ ಗೋವಿನಜೋಳವನ್ನೂ ಉಂಡ ಮನೆಗಳಲ್ಲಿ ಮಾತ್ರವೇ ಆ ಬೇನೆಯು ಕಂಡುಬಂತು. ಆ ಬೂಸಲು ಫ್ಯುಮೋನಿಸಿನ್ ಎಂಬ ವಿಷವನ್ನು ಹುಟ್ಟಿಸಿತ್ತು. ಬೂಸಲಿನ ವಿಷಗಳು ತೊಳೆಯುವದರಿಂದ ಪೂರಾ ಹೋಗುವವುಗಳಲ್ಲ, ಹಂಚಿನ ಮೇಲೆ ಬೇಯಿಸಿದರೂ ನಾಶವಾಗುವದಿಲ್ಲ.

ಒಳ್ಳೇ ಕಾಳನ್ನು ತಂದ ಮೇಲೆ ಮೊದಲು ಅದನ್ನು ಒಣಗಿಸಬೇಕು. ವರುಷವೆಲ್ಲಾ ಇಡತಕ್ಕ ಜೋಳದಲ್ಲಿ ನೀರಿನ ಅಂಶವು ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಇರಬಾರದೆಂದು ಕೃಷಿಶಾಸ್ತ್ರವು ಹೇಳುತ್ತದೆ. ಇದನ್ನು ಅಳೆಯುವ ಯಂತ್ರವು ನಮ್ಮಲ್ಲಿಲ್ಲ. ಆದರೆ ಒಂದು ಸುಲಭವಾದ ಪರೀಕ್ಷೆಯುಂಟು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮೂರರಲ್ಲೊಂದು ಪಾಲು ಕಾಳನ್ನು ಹಾಕಿ, ಹುರಿದು ಆರಿಸಿದ ಉಪ್ಪಿನ ಪುಡಿಯನ್ನು ಎರಡು ಚಮಚ ಕೂಡಿಸಿ, ಮುಚ್ಚಳ ಬಿಗಿದು ಕೆಲವು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಇಡಿರಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವವು ನೂರಕ್ಕೆ ಹದಿನೈದಕ್ಕಿಂತ ಹೆಚ್ಚಿದೆ. ಅಂಟದೆ ಹೋದರೂ ಇನ್ನೆರಡು ದಿವಸದ ಬಿಸಿಲು ಕೊಡುವದು ಒಳ್ಳೇದು, ಯಾಕಂದರೆ ಹದಿನೈದಕ್ಕೂ ಹನ್ನೆರಡಕ್ಕೂ ಇರುವ ಅಂತರವನ್ನು ಉಪ್ಪು ತೋರಿಸಲಾರದು. ತಾಡಪತ್ರಿಯ ಮೇಲೆ ಎರಡು ಬೆರಳಿಗಿಂತ ದಪ್ಪವಾಗದಂತೆ ಹರವಿ, ಆಗಾಗ ಕೈಯಾಡಿಸಿ, ಇಬ್ಬನಿ ಬೀಳುವದಕ್ಕೆ ಮುಂಚೆ ಒಳಗೆ ತರತಕ್ಕದ್ದು. ಬಿಸಿಬಿಸಿಯಾಗಿ ತುಂಬಿದರೆ ಮುಚ್ಚಳದ ಒಳಗಡೆ ಬೆವರು ಕಟ್ಟಿ ಮೇಲಣ ಕಾಳು ಕೆಡುವದರಿಂದ, ಒಂದು ರಾತ್ರಿ ಮನೆಯೊಳಗೆ ಆರಲಿಕ್ಕೆ ಬಿಡಿರಿ.

ಒಣಗಿದ ಕಾಳಿಗೂ ಒಬ್ಬ ಶತ್ರುವಿದ್ದಾನೆ. ಸೊಂಡಿಲಿನಂಥ ಮೂತಿಯುಳ್ಳ ಕಿರಿದಾದ ಕಂದುಹುಳವನ್ನು ನೀವೆಲ್ಲರೂ ನೋಡಿದ್ದೀರಿ. ಅದರ ಹೆಣ್ಣು ಕಾಳಿನಲ್ಲಿ ಸಣ್ಣ ತೂತು ಕೊರೆದು, ಒಂದು ಮೊಟ್ಟೆಯನ್ನಿಟ್ಟು, ತೂತನ್ನು ತಾನೇ ಮೆತ್ತಿ ಮುಚ್ಚುತ್ತದೆ. ಮರಿಯು ಒಳಗೇ ಹಿಟ್ಟನ್ನು ತಿಂದು ಬೆಳೆದು, ಬೆಚ್ಚಗಿನ ಕಾಲದಲ್ಲಿ ಸುಮಾರು ಒಂದು ತಿಂಗಳಿಗೆ ಹೊರಗೆ ಬರುತ್ತದೆ. ಇದರಿಂದ ತಿಳಿಯುವದೇನಂದರೆ, ಕೊಳ್ಳುವ ದಿನ ಒಂದು ಹುಳವೂ ಕಾಣದ ಚೀಲದೊಳಗೆ ಸಾವಿರ ಮೊಟ್ಟೆಗಳು ಇರಬಹುದು. ‘ಕಾಳು ಚೊಕ್ಕಟವಿತ್ತು, ಹುಳ ಎಲ್ಲಿಂದ ಬಂತೋ’ ಎಂದು ಆಷಾಢದಲ್ಲಿ ಕೇಳುವವರಿಗೆ ಉತ್ತರವು ಇದೇ. ರಾಗಿಯ ಕಾಳು ಅತಿ ಸಣ್ಣದಾಗಿ ಈ ಹುಳಕ್ಕೆ ಅದರೊಳಗೆ ಇಂಬಿಲ್ಲದ್ದರಿಂದ ಕೋಲಾರ, ತುಮಕೂರು ಸೀಮೆಯವರು ವರುಷಗಟ್ಟಳೆ ರಾಗಿಯನ್ನಿಟ್ಟು ನಿಶ್ಚಿಂತರಾಗಿರುತ್ತಾರೆ. ಜೋಳದವರಿಗೆ ಆ ಭಾಗ್ಯವಿಲ್ಲ.

ಹಾಗಾದರೆ ಉಪಾಯವೇನು? ಹುಳಕ್ಕೂ ಉಸಿರು ಬೇಕು. ಗಾಳಿಯು ಹೊಗದಂತೆ ಮುಚ್ಚಿದ ಪಾತ್ರೆಯಲ್ಲಿ ಹುಳಗಳು ಇದ್ದ ಪ್ರಾಣವಾಯುವನ್ನು ತಾವೇ ಉಸಿರಾಡಿ ತೀರಿಸಿ, ಬಳಿಕ ತಾವೇ ಸಾಯುತ್ತವೆ. ನಮ್ಮ ಹಿರಿಯರ ಹಗೇವು ಇದೇ ನಿಯಮದಿಂದ ಕಾಳನ್ನು ಕಾಯಿತು: ನೆಲದಲ್ಲಿ ತೋಡಿದ ಕುಣಿಗೆ ಸುತ್ತಲೂ ಹುಲ್ಲನ್ನು ಒತ್ತಿ, ಕಾಳನ್ನು ಸುರಿದು, ಬಾಯನ್ನು ಕಲ್ಲಿನಿಂದಲೂ ಮಣ್ಣಿನಿಂದಲೂ ಮೆತ್ತಿಬಿಡುತ್ತಿದ್ದರು. ಐಗುಪ್ತದಲ್ಲಿ ಯೋಸೇಫನು ಕೂಡಿಸಿಟ್ಟ ಧಾನ್ಯದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಆ ದೇಶದ ಗಾಳಿಯು ಬಹಳ ಒಣಗಿದ್ದು. ನಮ್ಮ ದೇಶದಲ್ಲಿ ಮಳೆಗಾಲವಿರುವದರಿಂದ ಇಷ್ಟು ಪ್ರಯಾಸ ಬೇಕಾಯಿತು.

ಈಗ ಮನೆಯೊಳಗೆ ಬಿಗಿಯಾದ ಮುಚ್ಚಳವುಳ್ಳ ತಗಡಿನ ಪೀಪಾಯಿಯು ಅದೇ ಕೆಲಸವನ್ನು ಮಾಡುತ್ತದೆ. ಇನ್ನೂರು ಲೀಟರಿನ ಪೀಪಾಯಿಯಲ್ಲಿ ಸುಮಾರು ಒಂದೂವರೆ ಕ್ವಿಂಟಲು ಜೋಳ ಹಿಡಿಯುವದು. ಮೇಲೆ ಹೇಳಿದ ಮನೆಗೆ ಎರಡು ಸಾಕು. ಔಷಧ, ರಸಾಯನ ತುಂಬಿದ್ದ ಪೀಪಾಯಿಯನ್ನು ಎಷ್ಟು ತೊಳೆದರೂ ಕಾಳಿಗೆ ಉಪಯೋಗಿಸಕೂಡದು. ಕಂಠದ ತನಕ ತುಂಬಿರಿ. ಅರ್ಧ ತುಂಬಿದರೆ ಉಳಿದ ಅರ್ಧವೆಲ್ಲಾ ಹುಳಕ್ಕೆ ಗಾಳಿಯಾಗುತ್ತದೆ. ಮುಚ್ಚಳದ ಸಂದನ್ನು ಸಗಣಿ ಕಲಸಿದ ಮಣ್ಣಿನಿಂದಾಗಲಿ ಮೇಣದಿಂದಾಗಲಿ ಮೆತ್ತಿ, ಕಲ್ಲು ಇಲ್ಲವೆ ಹಲಗೆಯ ಮೇಲೆ, ಗೋಡೆಗೆ ತಗಲದಂತೆ ಇಡತಕ್ಕದ್ದು. ಒಂದು ಪೀಪಾಯಿ ತೀರುವ ತನಕ ಇನ್ನೊಂದರ ಬಾಯಿ ತೆರೆಯಬೇಡಿರಿ. ಗಾಳಿಯಾಡದ ದಪ್ಪ ಪ್ಲಾಸ್ಟಿಕಿನ ಒಳಚೀಲಗಳೂ ಈಗ ಸಿಕ್ಕುತ್ತವೆ, ಒಳ್ಳೆಯವೇ. ಇಲಿಯು ಅವನ್ನು ಕಡಿಯುವದೊಂದೇ ದೋಷ. ಬೇವಿನ ಸೊಪ್ಪನ್ನು ನಾವು ಹಳಿಯುವದಿಲ್ಲ. ನೆರಳಲ್ಲಿ ಒಣಗಿಸಿದ್ದನ್ನು ಹಾಕಿದರೆ ಹೊಸ ಹುಳ ಬರುವದಕ್ಕೆ ಸ್ವಲ್ಪ ತಡೆಯಾದೀತು, ಆದರೆ ಕಾಳಿನೊಳಗಿರುವ ಮರಿಯನ್ನು ಅದು ಕೊಲ್ಲಲಾರದು. ಹಸೀ ಸೊಪ್ಪಂತೂ ತೇವವನ್ನೇ ತರುತ್ತದೆ.

ಇಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಎರಡು ಮಾತುಗಳನ್ನು ಹೇಳದೆ ಇರಲಾರೆವು.

ಒಂದನೇದು ಹಗೇವಿನದು. ಹುಳವನ್ನು ಕೊಲ್ಲುವ ಆ ಕೆಟ್ಟ ಗಾಳಿಯು ಮನುಷ್ಯನನ್ನೂ ಕೊಲ್ಲುತ್ತದೆ. ಬಾಯಿ ತೆರೆದ ಕೂಡಲೆ ಇಳಿದವನು ಕೂಗುವದಕ್ಕೂ ಸಮಯವಿಲ್ಲದೆ ಬೀಳುವನು. ಅವನನ್ನು ಎತ್ತುವದಕ್ಕೆಂದು ಹಾರಿದ ಅಣ್ಣನೋ ತಂದೆಯೋ ಅವನ ಮೇಲೆಯೇ ಬೀಳುವರು. ಹಗೇವು ಇನ್ನೂ ಇರುವ ಮನೆಯವರು ಬಾಯನ್ನು ತೆರೆದು ಪೂರಾ ಒಂದು ದಿವಸವಾದರೂ ಬಿಡಬೇಕು. ದೀಪವನ್ನು ಇಳಿಬಿಟ್ಟು ನೋಡುವ ಹಿರಿಯರ ಪದ್ಧತಿಯಲ್ಲಿ ದೀಪ ಆರಿದರೆ ಇಳಿಯಲೇಬಾರದು. ಆರದೆ ಇದ್ದ ಮಾತ್ರಕ್ಕೆ ಭಯವಿಲ್ಲವೆಂದೂ ನಂಬಬಾರದು. ಇಳಿಯುವವನ ರಟ್ಟೆಗಳ ಕೆಳಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಮೇಲೆ ಇಬ್ಬರು ಬಲವುಳ್ಳವರು ಹಿಡಿದಿರಲಿ. ಅವನು ಬಿದ್ದರೆ ಮೇಲಿನಿಂದಲೇ ಎಳೆಯಬೇಕಲ್ಲದೆ ಯಾರೂ ಇಳಿಯಬಾರದು.

ಎರಡನೇದು ಗುಳಿಗೆಯದು. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಗುಳಿಗೆಗಳನ್ನು ದೊಡ್ಡ ಉಗ್ರಾಣಗಳಲ್ಲಿ ತರಬೇತಿಯಾದವರು ಉಪಯೋಗಿಸುತ್ತಾರೆ. ಗಾಳಿಯ ತೇವ ತಗಲಿದ ಕೂಡಲೆ ಅವು ಫಾಸ್ಫೀನ್ ಎಂಬ ವಿಷವಾಯುವನ್ನು ಬಿಡುತ್ತವೆ. ಅವುಗಳನ್ನು ಮನೆಬಳಕೆಗೆ ಮಾರುವದಕ್ಕೆ ಕಾಯಿದೆಯ ಅಪ್ಪಣೆಯಿಲ್ಲ. ಆದಾಗ್ಯೂ ಅಂಗಡಿಯಿಂದ ಗುಟ್ಟಾಗಿ ತಂದು, ಅರಿವೆಯಲ್ಲಿ ಕಟ್ಟಿ ಜೋಳದ ಚೀಲದಲ್ಲಿ ಹುದುಗಿಸಿ, ಆ ಚೀಲದ ಮಗ್ಗುಲಲ್ಲಿಯೇ ಮಕ್ಕಳನ್ನು ಮಲಗಿಸುವವರಿದ್ದಾರೆ. ಕಿಟಕಿಯಿಲ್ಲದ ಒಂದೇ ಅಂಕಣದ ಮನೆಯಲ್ಲಿ ಆ ವಾಯು ಎಲ್ಲಿಗೆ ಹೋದೀತು? ಮೊದಲು ವಾಂತಿ, ತಲೆಸುತ್ತು. ಕೆಟ್ಟದ್ದೇನೋ ಉಂಡರೆಂದು ದೊಡ್ಡವರು ತಿಳಿಯುವಷ್ಟರಲ್ಲಿ ಕೂಸಿನ ಉಸಿರು ನಿಂತಿರುತ್ತದೆ. ಇದಕ್ಕೆ ಪ್ರತಿವಿಷವೆಂಬದು ವೈದ್ಯರಲ್ಲಿಯೂ ಇಲ್ಲ. ಒಂದು ಚೀಲ ಕಾಳು ಪೂರಾ ಹುಳಹತ್ತಿ ದನಕ್ಕೆ ಹೋದರೂ ಹೋಗಲಿ, ಆ ಗುಳಿಗೆಯು ನಿಮ್ಮ ಹೊಸ್ತಿಲನ್ನು ದಾಟದಿರಲಿ. ಈಗಾಗಲೇ ಯಾರಾದರೂ ಹಾಕಿದ್ದರೆ ಅದನ್ನು ಕೈಯಿಂದ ಹುಡುಕದೆ, ಬಾಗಿಲು ಕಿಟಕಿ ತೆರೆದಿಟ್ಟು ಎಲ್ಲರೂ ಹೊರಗೆ ಬಂದು, ತಿಳಿದವರನ್ನು ಕರೆಯಿರಿ. ವಾಂತಿ, ತಲೆಸುತ್ತು ಕಂಡವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಗುಳಿಗೆಯ ಹೆಸರನ್ನೂ ಅಲ್ಲಿ ಹೇಳಿರಿ.

ಬೇಳೆಕಾಳುಗಳಿಗೆ ಬೇರೆ ಜಾತಿಯ ಹುಳ. ತೊಗರಿ, ಹೆಸರು, ಅಲಸಂದಿಗಳ ಮೇಲೆ ಬಿಳೀ ಚುಕ್ಕೆಗಳು ಅಂಟಿಕೊಂಡಿರುವದನ್ನು ನೋಡಿದ್ದರೆ ಅವೇ ಅದರ ಮೊಟ್ಟೆಗಳು. ಕಿಲೋವಿಗೆ ಒಂದು ಸಣ್ಣ ಚಮಚ ಔಡಲೆಣ್ಣೆಯನ್ನು ಕೈಯಿಂದ ಚೆನ್ನಾಗಿ ಸವರಿ ಇಟ್ಟರೆ ಆ ಮೊಟ್ಟೆಗಳು ಒಡೆಯುವದು ಬಹು ಕಡಿಮೆ. ಬಡವರ ಮನೆಯಲ್ಲಿ ಎಣ್ಣೆಯೂ ದುಬಾರಿಯೆಂದರೆ ಬೇಳೆ ಒಡಿಸಿ ಇಡುವದು ಮೇಲು.

ಕಡೆಗೆ ಜೋಳದ ಮನೆಯವರಿಗೆ ಒಂದು ಮಾತು. ಕಾಳು ಇರುವದು, ಹಿಟ್ಟು ಇರದು. ಒಡೆದ ಕಾಳಿನ ಎಣ್ಣೆಯು ಗಾಳಿಗೆ ಕೆಟ್ಟು ಹಿಟ್ಟು ಕಹಿಯಾಗುವದು, ಜಿಗಿಯೂ ಹೋಗಿ ರೊಟ್ಟಿಯು ಬಡಿಯುವಾಗಲೇ ಹರಿಯುವದು. ಆದಕಾರಣ ಪೀಪಾಯಿಯನ್ನು ಹದಿನೈದು ದಿವಸಕ್ಕೊಮ್ಮೆ ತೆರೆದು, ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದು, ಮುಚ್ಚಳವನ್ನು ಕೂಡಲೇ ಮೆತ್ತಿ, ಗಿರಣಿಗೆ ಒಂದು ವಾರಕ್ಕೆ ಆಗುವಷ್ಟನ್ನೇ ಕಳುಹಿಸಿರಿ.