ಹಕ್ಕಿಯ ಛಾಯಾಚಿತ್ರವೂ ಅಂತರದ ಲೆಕ್ಕವೂ

ಹಕ್ಕಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸಕ್ಕೆ ಹೊಸದಾಗಿ ತೊಡಗಿದವರ ಮೊದಲ ಸಂಗ್ರಹವನ್ನು ಪರೀಕ್ಷಿಸಿದರೆ ಅದರಲ್ಲಿ ಕೆಲವು ಬಗೆಯ ಚಿತ್ರಗಳು ತಪ್ಪದೆ ದೊರೆಯುತ್ತವೆ. ವಿಶಾಲವಾದ ಆಕಾಶದ ನಡುವೆ ಸಾಸಿವೆಕಾಳಿನಂತಹ ಒಂದು ಕಪ್ಪು ಚುಕ್ಕೆ; ಮಸಿಯನ್ನು ಒರಸಿದಂತೆ ಕಾಣುವ ಒಂದು ಗೆರೆ; ಹಿಂದಿನ ಎಲೆಯ ನರಗಳೆಲ್ಲ ಸ್ಫುಟವಾಗಿದ್ದು ಮುಂದಿನ ಹಕ್ಕಿ ಮಾತ್ರ ಮಂಜಾಗಿರುವ ಒಂದು ಪಟ; ಎಲ್ಲಕ್ಕಿಂತ ಹೆಚ್ಚಾಗಿ, ಹಕ್ಕಿಯೇ ಇಲ್ಲದ ಬರಿಯ ಕೊಂಬೆ. ಇವುಗಳಿಗೆ ಕ್ಯಾಮೆರಾದ ದೋಷವೇ ಕಾರಣವೆಂದು ಹಲವರು ತಿಳಿಯುತ್ತಾರೆ. ಇಂದಿನ ಕ್ಯಾಮೆರಾಗಳಾದರೋ ಹಕ್ಕಿಯ ಕಣ್ಣನ್ನು ತಾವಾಗಿಯೇ ಗುರುತಿಸಿ ಹಿಂಬಾಲಿಸಬಲ್ಲವು. ಒಂದು ಸೆಕೆಂಡಿಗೆ ಇಪ್ಪತ್ತು ಮೂವತ್ತು ಚಿತ್ರಗಳನ್ನು ತೆಗೆಯಬಲ್ಲವು. ಆದರೂ ಬರಿಯ ಕೊಂಬೆಗಳ ಸಂಗ್ರಹವು ಬೆಳೆಯುತ್ತಲೇ ಇದೆ. ಯಂತ್ರವು ಬಗೆಹರಿಸಲಾರದ ಒಂದು ತೊಡಕು ಇಲ್ಲಿ ಉಂಟು. ಅದು ಹಕ್ಕಿಗೂ ನಮಗೂ ನಡುವಿನ ಅಂತರ.

ಮೊದಲು ಆ ಕಪ್ಪು ಚುಕ್ಕೆಯನ್ನು ನೋಡೋಣ. ಕೆರೆಯ ದಂಡೆಯಲ್ಲಿ ಕುಳಿತ ಕಿರು ಮಿಂಚುಳ್ಳಿಯ ಉದ್ದ ಸುಮಾರು 17 ಸೆಂಟಿಮೀಟರು. ಅದು ನಮ್ಮಿಂದ 20 ಮೀಟರು ದೂರದಲ್ಲಿ ಇದೆಯೆಂದು ಭಾವಿಸೋಣ. ಆಗ ಅದು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಅರ್ಧ ಡಿಗ್ರಿಗೆ ತುಸು ಕಡಿಮೆ. ಎಂದರೆ ಹುಣ್ಣಿಮೆಯ ಚಂದ್ರನ ಅಗಲದಷ್ಟು. ತುಂಬುಚಂದ್ರನನ್ನು ಸಾಮಾನ್ಯವಾದ ಕ್ಯಾಮೆರಾದಿಂದ ಸೆರೆಹಿಡಿಯಲು ಹೋಗಿ, ಪಟದಲ್ಲಿ ಒಂದು ಬಿಳಿಯ ಹನಿಯನ್ನು ಕಂಡು ಬೇಸರಪಟ್ಟವರಿಗೆ ಮಿಂಚುಳ್ಳಿಯ ಕಥೆಯನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಚಂದ್ರನನ್ನಾಗಲಿ ಹಕ್ಕಿಯನ್ನಾಗಲಿ ನೋಡುವಾಗ ನಮ್ಮ ಮನಸ್ಸು ಅದೊಂದನ್ನೇ ಆರಿಸಿಕೊಂಡು ಉಳಿದುದನ್ನು ಮರೆಯುತ್ತದೆ. ಮಸೂರಕ್ಕೆ ಆ ಪಕ್ಷಪಾತವಿಲ್ಲ.

ಲೆಕ್ಕವು ಕೇವಲ ತ್ರೈರಾಶಿಯದು. ದೂರದ ವಸ್ತುವಿನ ಬಿಂಬದ ಅಳತೆಯನ್ನು ತಿಳಿಯಬೇಕಾದರೆ ವಸ್ತುವಿನ ಉದ್ದವನ್ನು ಮಸೂರದ ಸಂಗಮದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಬೇಕು. 50 ಮಿಲಿಮೀಟರು ಸಂಗಮದೂರದ ಮಸೂರದಲ್ಲಿ ನಮ್ಮ ಮಿಂಚುಳ್ಳಿಯ ಬಿಂಬ 0.4 ಮಿಲಿಮೀಟರಿನಷ್ಟು ಮಾತ್ರ. 36 ಮಿಲಿಮೀಟರು ಅಗಲದ ಚೌಕಟ್ಟಿನಲ್ಲಿ ಅದಕ್ಕೆ ಯಾವ ಬೆಲೆ? 500 ಮಿಲಿಮೀಟರಿನ ದೂರದರ್ಶಕ ಮಸೂರವನ್ನು ಹಾಕಿದರೂ ಬಿಂಬವು 4 ಮಿಲಿಮೀಟರಿಗೆ ಸ್ವಲ್ಪ ಮೀರುತ್ತದೆ, ಅಷ್ಟೆ. ಅದೇ ಮಸೂರದೊಡನೆ 5 ಮೀಟರು ದೂರಕ್ಕೆ ಹೋಗುವುದು ಸಾಧ್ಯವಾದರೆ ಬಿಂಬವು 17 ಮಿಲಿಮೀಟರನ್ನೂ ದಾಟಿ ಚೌಕಟ್ಟಿನ ಅರ್ಧವನ್ನು ತುಂಬುತ್ತದೆ. ದೂರವನ್ನು ಅರ್ಧಮಾಡಿದರೆ ಬಿಂಬದ ವಿಸ್ತೀರ್ಣ ನಾಲ್ಕು ಮಡಿ ಹೆಚ್ಚುತ್ತದೆ. ಇಂತಹ ಲಾಭವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಇನ್ನು ಒರಸಿದ ಮಸಿಯ ವಿಚಾರ. ಸೆಕೆಂಡಿಗೆ 10 ಮೀಟರು ವೇಗದಿಂದ ಅಡ್ಡಲಾಗಿ ಹಾರುವ ಹಕ್ಕಿಯೊಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನ ಅವಧಿಯಲ್ಲಿ 1 ಸೆಂಟಿಮೀಟರು ಚಲಿಸುತ್ತದೆ. 10 ಮೀಟರು ದೂರದಲ್ಲಿ, 500 ಮಿಲಿಮೀಟರಿನ ಮಸೂರದಲ್ಲಿ, ಈ ಚಲನೆಯು ಸಂವೇದಕ ಫಲಕದ ಮೇಲೆ ಅರ್ಧ ಮಿಲಿಮೀಟರಿನಷ್ಟಾಗುತ್ತದೆ. ಫಲಕದ ಒಂದೊಂದು ಬಿಂದುವಿನ ಅಗಲ 0.006 ಮಿಲಿಮೀಟರು ಎಂದು ಇಟ್ಟುಕೊಂಡರೆ ಹಕ್ಕಿಯ ಕಣ್ಣು ಎಂಬತ್ತಕ್ಕೂ ಹೆಚ್ಚು ಬಿಂದುಗಳಷ್ಟು ಉದ್ದಕ್ಕೆ ಬಳಿದುಹೋಗಿರುತ್ತದೆ. ಹಕ್ಕಿಯ ಜೊತೆಜೊತೆಗೆ ಕ್ಯಾಮೆರಾವನ್ನೂ ತಿರುಗಿಸುತ್ತ ಹೋದರೆ ದೇಹದ ಚಲನೆಯನ್ನು ಬಹುಮಟ್ಟಿಗೆ ಕಳೆಯಬಹುದು. ಮೇಲೆ ಕೆಳಗೆ ಬಡಿಯುವ ರೆಕ್ಕೆಗಳದನ್ನು ಕಳೆಯಲಾಗದು. ಅದಕ್ಕಾಗಿ ಕವಾಟವನ್ನು ಇನ್ನಷ್ಟು ಬೇಗ ಮುಚ್ಚಬೇಕು.

ಆದರೆ ಬೇಗ ಮುಚ್ಚಿದ ಬಾಗಿಲಿನಿಂದ ಬೆಳಕು ಕಡಿಮೆ ಬರುತ್ತದೆ. ಸೆಕೆಂಡಿನ 250ನೆಯ ಒಂದು ಪಾಲಿನಿಂದ 4000ನೆಯ ಒಂದು ಪಾಲಿಗೆ ಹೋದರೆ ಬೆಳಕು ಹದಿನಾರನೆಯ ಒಂದು ಅಂಶಕ್ಕೆ ಇಳಿಯುತ್ತದೆ. ಹಕ್ಕಿಗಳು ಚಟುವಟಿಕೆಯಿಂದಿರುವುದು ಮುಂಜಾನೆ ಮತ್ತು ಸಂಜೆ. ಆಗ ಬೆಳಕೇ ಮಂದ. ಸಂವೇದಕದ ಸಂಕೇತವನ್ನು ಹಿಗ್ಗಿಸಿ ಈ ಕೊರತೆಯನ್ನು ತುಂಬಿಕೊಳ್ಳಬಹುದೆಂದು ಕ್ಯಾಮೆರಾ ಮಾರುವವರು ಹೇಳುವುದುಂಟು. ಆ ಮಾತು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಬೆಳಕು ಕಣಕಣವಾಗಿ ಬಂದು ಬೀಳುತ್ತದೆ. ಹಂಚಿನ ಮೇಲೆ ಬೀಳುವ ಮಳೆಯ ಹನಿಗಳಂತೆ ಅದರ ಬರವು ಏರುಪೇರಿನದು. ಒಂದು ಬಿಂದುವಿನ ಮೇಲೆ ಸರಾಸರಿ 10,000 ಕಣಗಳು ಬಿದ್ದರೆ ಈ ಏರುಪೇರು ಅದರ ವರ್ಗಮೂಲವಾದ 100ರಷ್ಟು. ಎಂದರೆ ನೂರಕ್ಕೆ ಒಂದು. 100 ಕಣಗಳು ಮಾತ್ರ ಬಿದ್ದರೆ ಏರುಪೇರು 10. ಎಂದರೆ ನೂರಕ್ಕೆ ಹತ್ತು. ಮುಸ್ಸಂಜೆಯ ಚಿತ್ರಗಳಲ್ಲಿ ಹಕ್ಕಿಯ ಗರಿಗಳು ಮರಳಿನಂತೆ ತರಿತರಿಯಾಗಿ ಕಾಣುವುದು ಇದರಿಂದ. ಇದು ಯಂತ್ರದ ಕೊರತೆಯಲ್ಲ, ಬೆಳಕಿನ ಸ್ವಭಾವ.

ಬೆಳಕನ್ನು ಹೆಚ್ಚಾಗಿ ಬರಮಾಡಿಕೊಳ್ಳಲು ಮಸೂರದ ಬಾಯಿಯನ್ನು ಹಿಗ್ಗಿಸಬಹುದಷ್ಟೆ? ಸಂಗಮದೂರದ ನಾಲ್ಕನೆಯ ಒಂದು ಪಾಲಿನಷ್ಟು ರಂಧ್ರ ಬೇಕೆಂದರೆ 500 ಮಿಲಿಮೀಟರಿನ ಮಸೂರಕ್ಕೆ 125 ಮಿಲಿಮೀಟರು ವ್ಯಾಸದ ಗಾಜು ಬೇಕಾಗುತ್ತದೆ. ಅದರ ತೂಕವನ್ನು ಕುತ್ತಿಗೆಯೂ ಬೆಲೆಯನ್ನು ತಂದೆಯ ಕೈಚೀಲವೂ ತಾಳಲಾರವು. ಅದಿರಲಿ, ಬಾಯಿ ಹಿಗ್ಗಿದಷ್ಟೂ ಸ್ಫುಟವಾಗಿ ಕಾಣುವ ಆಳವು ಕುಗ್ಗುತ್ತದೆ. 5 ಮೀಟರು ದೂರದಲ್ಲಿ, ರಂಧ್ರವನ್ನು ಸಂಗಮದೂರದ 5.6ನೆಯ ಒಂದು ಪಾಲಿಗೆ ಇಟ್ಟರೂ, ಈ ಆಳವು ಸುಮಾರು 3 ಸೆಂಟಿಮೀಟರು. ನಮ್ಮ ಕಡೆಗೆ ಮುಖಮಾಡಿ ಕುಳಿತ ಮಿಂಚುಳ್ಳಿಯ ಕೊಕ್ಕಿನ ತುದಿ ಸ್ಫುಟವಾದರೆ ಬಾಲವು ಮಂಜಾಗುವುದು ಅನಿವಾರ್ಯ. ಕಣ್ಣೊಂದು ಸ್ಫುಟವಾಗಿದ್ದರೆ ಸಾಕು, ಉಳಿದುದನ್ನು ನೋಡುವವನ ಮನಸ್ಸು ಕ್ಷಮಿಸುತ್ತದೆಯೆಂಬುದು ಅನುಭವಿಗಳ ಮತ.

ಹತ್ತಿರ ಹೋಗದೆ ಮಸೂರದ ಶಕ್ತಿಯನ್ನೇ ಹೆಚ್ಚಿಸುತ್ತ ಹೋದರೆ ಗಾಳಿಯೇ ಅಡ್ಡಬರುತ್ತದೆ. ಬಿಸಿಲಿಗೆ ಕಾದ ಬಂಡೆಯ ಮೇಲಿನ ಗಾಳಿಯ ಪದರಗಳು ಬೇರೆ ಬೇರೆ ಉಷ್ಣತೆಯಲ್ಲಿರುತ್ತವೆ. ಅವುಗಳ ವಕ್ರೀಭವನಾಂಕವೂ ಬೇರೆ ಬೇರೆ. ಈ ಪದರಗಳ ಮೂಲಕ ಬಂದ ಕಿರಣವು ಕ್ಷಣಕ್ಷಣಕ್ಕೂ ದಾರಿ ಬದಲಿಸುತ್ತದೆ. ಮಧ್ಯಾಹ್ನದ ಟಾರು ರಸ್ತೆಯ ಮೇಲೆ ಕುಣಿಯುವ ಬಿಸಿಲುಗುದುರೆಯ ನೆಂಟನೇ ಇದು. ಎಷ್ಟೇ ಒಳ್ಳೆಯ ಮಸೂರವಾದರೂ ಕುಣಿಯುವ ಗಾಳಿಯನ್ನು ಇನ್ನೂ ದೊಡ್ಡದಾಗಿ ತೋರಿಸುತ್ತದೆ, ಅಷ್ಟೆ.

ಹೀಗೆ ಯಾವ ದಾರಿಯನ್ನು ಹಿಡಿದರೂ ಹತ್ತಿರ ಹೋಗಬೇಕೆಂಬ ಕಡೆಗೇ ಬಂದು ನಿಲ್ಲುತ್ತೇವೆ. ಎಷ್ಟು ಹತ್ತಿರವೆಂಬುದನ್ನು ನಿರ್ಧರಿಸುವವರು ನಾವಲ್ಲ, ಹಕ್ಕಿ. ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಇದನ್ನು ಪಲಾಯನದೂರವೆಂಬ ಕಲ್ಪನೆಯಿಂದ ವಿವರಿಸಿದನು. ಪ್ರತಿಯೊಂದು ಕಾಡುಪ್ರಾಣಿಗೂ ತನ್ನ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆಯುಂಟು. ಶತ್ರುವೆಂದು ಅದು ತಿಳಿದ ಜೀವಿಯು ಆ ಗೆರೆಯನ್ನು ದಾಟಿದೊಡನೆ ಓಟ ಪ್ರಾರಂಭವಾಗುತ್ತದೆ. ಈ ಗೆರೆಯು ಸ್ಥಿರವಾದುದಲ್ಲ; ಅನುಭವದಿಂದ ಹಿಗ್ಗುತ್ತದೆ, ಕುಗ್ಗುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು, ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ದೋಣಿಯಲ್ಲಿ ಕುಳಿತ ಜನರು ಎದುರಿಗೇ ಹಾದುಹೋದರೂ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಉಣಿಸುವುದನ್ನು ನಿಲ್ಲಿಸುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿಯಾದರೆ ಇದೇ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಎತ್ತು, ಗಾಡಿ, ಮಕ್ಕಳ ಗದ್ದಲ. ಆದರೆ ಜನಸಂಚಾರವಿಲ್ಲದ ಯಾವುದೋ ಕೆರೆಯಲ್ಲಿ ಮೇಯುತ್ತಿರುವ ಅದೇ ಜಾತಿಯ ಕೊಕ್ಕರೆಯು ನಾವು ಏರಿಯ ಮೇಲೆ ತಲೆ ತೋರಿಸಿದ ಕೂಡಲೆ ಎದ್ದು ಹೋಗಬಹುದು. ಹಕ್ಕಿ ಅದೇ, ಕ್ಯಾಮೆರಾ ಅದೇ. ಬದಲಾದುದು ಮನುಷ್ಯನನ್ನು ಕುರಿತ ಅದರ ಅಭಿಪ್ರಾಯ.

ಬರಿಯ ಕೊಂಬೆಯ ಚಿತ್ರಕ್ಕೂ ವಿವರಣೆ ಇಲ್ಲಿಯೇ ಇದೆ. ಕಂಡುದಕ್ಕೆ ಬೆರಳು ಓಗೊಡಲು ನಮಗೆ ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಕಾಲ ಬೇಕು. ಅಷ್ಟರಲ್ಲಿ ನಮ್ಮ ಹಕ್ಕಿಯು 2 ಮೀಟರು ಹೋಗಿರುತ್ತದೆ. ಗುಂಡಿ ಒತ್ತುವುದಕ್ಕೆ ಮುಂಚಿನ ಕ್ಷಣಗಳನ್ನೂ ಉಳಿಸಿಕೊಳ್ಳುವ ಕ್ಯಾಮೆರಾಗಳು ಈಗ ಬಂದಿವೆ. ಅವು ಇಲ್ಲದವರಿಗೆ ಉಳಿದ ಉಪಾಯ, ಹಕ್ಕಿಯ ಮುಂದಿನ ನಡೆಯನ್ನು ಊಹಿಸುವುದು. ಅನೇಕ ಹಕ್ಕಿಗಳು ಗಾಳಿಗೆ ಎದುರಾಗಿ ಮೇಲೇಳುತ್ತವೆ. ಏಳುವ ಮೊದಲು ಕಾಲುಗಳನ್ನು ಮಡಿಸಿ ದೇಹವನ್ನು ತಗ್ಗಿಸುತ್ತವೆ. ಹಿಕ್ಕೆ ಹಾಕಿ ಹೊರೆಯನ್ನು ಇಳಿಸಿಕೊಳ್ಳುವುದೂ ಉಂಟು. ಫಿಲ್ಮಿನ ಸುರುಳಿಯೊಂದರಲ್ಲಿ 36 ಚಿತ್ರಗಳು ಮಾತ್ರ ದೊರೆಯುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್‌ರಂತಹವರು ಕೆಲಸ ಮಾಡಿದುದು ಇಂತಹ ತಿಳಿವಳಿಕೆಯ ಬಲದಿಂದಲೇ.

ಅಡಗಿ ಕುಳಿತು ಅಂತರವನ್ನು ಗೆಲ್ಲುವ ಉಪಾಯ ಹಳೆಯದು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸಹೋದರರು 1892ರಲ್ಲಿ ಹಕ್ಕಿಯ ಗೂಡಿನ ಚಿತ್ರ ತೆಗೆಯುವುದರಿಂದ ಪ್ರಾರಂಭಿಸಿ, 1900ರ ಸುಮಾರಿಗೆ ಎತ್ತಿನ ಚರ್ಮವನ್ನು ಟೊಳ್ಳಾಗಿ ತುಂಬಿಸಿ ಅದರ ಒಳಗೆ ನಿಂತು ಚಿತ್ರ ತೆಗೆಯುವವರೆಗೂ ಹೋದರು. ಬಟ್ಟೆಯ ಮರೆಗೂಡಾರದೊಳಕ್ಕೆ ಇಬ್ಬರು ಹೋಗಿ ಒಬ್ಬನು ಹೊರಟುಬಂದರೆ, ಒಳಗೆ ಯಾರೂ ಉಳಿದಿಲ್ಲವೆಂದು ತಿಳಿದು ಹಿಂದಿರುಗುವ ಹಕ್ಕಿಗಳು ಹಲವು. ಎಲ್ಲ ಹಕ್ಕಿಗಳೂ ಅಷ್ಟು ಸಾಧುಗಳಲ್ಲ. ಎರಿಕ್ ಹಾಸ್ಕಿಂಗ್ ಎಂಬ ಪ್ರಸಿದ್ಧ ಛಾಯಾಗ್ರಾಹಕನು 1937ರಲ್ಲಿ ವೇಲ್ಸ್ ಪ್ರಾಂತ್ಯದಲ್ಲಿ ಗೂಬೆಯೊಂದರ ಗೂಡಿನ ಬಳಿ ಕತ್ತಲಲ್ಲಿ ಹೋಗುತ್ತಿದ್ದಾಗ ಅದು ಎರಗಿ, ಅವನು ಒಂದು ಕಣ್ಣನ್ನೇ ಕಳೆದುಕೊಂಡನು.

ಗೂಡಿನ ಬಳಿಯ ಛಾಯಾಗ್ರಹಣದಲ್ಲಿ ಸಾಮಾನ್ಯವಾಗಿ ನಷ್ಟವಾಗುವುದು ಮನುಷ್ಯನ ಕಣ್ಣಲ್ಲ, ಮೊಟ್ಟೆ. ಟಿಟ್ಟಿಭ ಹಕ್ಕಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಅದು ಬರಿಯ ನೆಲದ ಮೇಲೆ, ಕಲ್ಲುಹರಳುಗಳ ನಡುವೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಭ್ರೂಣವು ಬೆಳೆಯಲು ಬೇಕಾದ ಉಷ್ಣತೆ ಸುಮಾರು 37 ಡಿಗ್ರಿ. 40 ಡಿಗ್ರಿಯನ್ನು ಮೀರುತ್ತ ಹೋದಂತೆ ಅದರ ಪ್ರಾಣಕ್ಕೆ ಅಪಾಯ. ಏಪ್ರಿಲಿನ ಮಧ್ಯಾಹ್ನದಲ್ಲಿ ನೆಲದ ಉಷ್ಣತೆ ಇದಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಆ ಹೊತ್ತಿನಲ್ಲಿ ತಾಯಿಯು ಮೊಟ್ಟೆಗಳ ಮೇಲೆ ಕುಳಿತಿರುವುದು ಕಾವು ಕೊಡುವುದಕ್ಕಲ್ಲ, ನೆರಳು ಕೊಡುವುದಕ್ಕೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುವುದೂ ಉಂಟು. ಒಳ್ಳೆಯ ಕೋನಕ್ಕಾಗಿ ಛಾಯಾಗ್ರಾಹಕನು ಅರ್ಧ ಗಂಟೆ ಸುತ್ತಾಡಿದರೆ ಹಕ್ಕಿಯು ಕೂಗಿಕೊಂಡು ತಲೆಯ ಮೇಲೆ ಸುತ್ತುತ್ತಿರುತ್ತದೆ. ಮೊಟ್ಟೆಗಳು ಬಿಸಿಲಿನಲ್ಲಿ ಬೇಯುತ್ತಿರುತ್ತವೆ. ಹಾರುವ ಟಿಟ್ಟಿಭದ ಚೆಂದದ ಚಿತ್ರವೊಂದು ಅವನಿಗೆ ದೊರೆಯಲೂಬಹುದು. ಮರದ ಗೂಡುಗಳಲ್ಲಿ ಅಡ್ಡವಿರುವ ಎಲೆಗಳನ್ನು ಕಿತ್ತುಹಾಕುವುದೂ ಇದೇ ಬಗೆಯ ಕೆಲಸ. ತೆರೆದ ಕಿಂಡಿಯಿಂದ ಕ್ಯಾಮೆರಾಕ್ಕೆ ಕಂಡ ಮರಿ ಕಾಗೆಗೂ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ಕೇಡು ಮಾಡುವುದು ಅಪರಾಧ. ಗೂಡಿನ ಚಿತ್ರವೇ ಬೇಡವೆಂಬ ಅಭಿಪ್ರಾಯ ಈಗ ಪಕ್ಷಿಪ್ರಿಯರಲ್ಲಿ ಬಲವಾಗಿದೆ. ಅದು ಸರಿಯಾದುದೆಂದೇ ಹೇಳಬೇಕು. ಕೂಗಿನ ಧ್ವನಿಮುದ್ರಣವನ್ನು ನುಡಿಸಿ ಹಕ್ಕಿಯನ್ನು ಕರೆಯುವ ಉಪಾಯವೂ ಮೆಚ್ಚತಕ್ಕದ್ದಲ್ಲ. ಇಲ್ಲದ ಶತ್ರುವನ್ನು ಓಡಿಸಲು ಅದು ಮೇವನ್ನೂ ಮರಿಗಳನ್ನೂ ಬಿಟ್ಟು ಬರುತ್ತದೆ.

ಹಾಗಾದರೆ ದುಬಾರಿ ಮಸೂರವೂ ಇಲ್ಲದ, ಗೂಡಿನ ಬಳಿಗೂ ಹೋಗಬಾರದ ವಿದ್ಯಾರ್ಥಿಯು ಏನು ಮಾಡಬೇಕು? ಅಂತರವನ್ನು ತಾನು ದಾಟುವ ಬದಲು ಹಕ್ಕಿಯೇ ದಾಟಿ ಬರಲು ಬಿಡಬಹುದು. ಮನೆಯ ಕಿಟಕಿಯಿಂದ 3 ಮೀಟರು ದೂರದಲ್ಲಿ, ಬೆಕ್ಕು ಹೊಂಚುಹಾಕಲಾಗದ ತೆರವಾದ ಜಾಗದಲ್ಲಿ, ಮಣ್ಣಿನ ಅಗಲವಾದ ತಟ್ಟೆಯೊಂದನ್ನಿಟ್ಟು ಎರಡು ಬೆರಳಿನಷ್ಟು ಆಳಕ್ಕೆ ನೀರು ತುಂಬಬೇಕು. ಪಕ್ಕದಲ್ಲಿ ಒಣಕೊಂಬೆಯೊಂದನ್ನು ನೆಟ್ಟರೆ ಹಕ್ಕಿಯು ಮೊದಲು ಅದರ ಮೇಲೆ ಕುಳಿತು ಸುತ್ತಲೂ ನೋಡುತ್ತದೆ. ಬೆಳಗಿನ ಬಿಸಿಲು ನಮ್ಮ ಬೆನ್ನ ಕಡೆಯಿಂದ ಅದರ ಮೇಲೆ ಬೀಳುವಂತಿದ್ದರೆ ಉತ್ತಮ. ಕಿಟಕಿಗೆ ಕಿಂಡಿಯಿರುವ ಪರದೆಯನ್ನು ಇಳಿಬಿಟ್ಟು ಮೊದಲ ವಾರ ಕ್ಯಾಮೆರಾವನ್ನು ಮುಟ್ಟದೆ, ಯಾವ ಹಕ್ಕಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕಡೆಯಿಂದ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಬರೆದುಕೊಳ್ಳುತ್ತ ಹೋಗಬಹುದು. 20 ಸೆಂಟಿಮೀಟರು ಉದ್ದದ ಪಿಕಳಾರವು ಆ ಕೊಂಬೆಯ ಮೇಲೆ ಕುಳಿತಾಗ 200 ಮಿಲಿಮೀಟರಿನ ಸಾಧಾರಣ ಮಸೂರದಲ್ಲಿಯೂ ಅದರ ಬಿಂಬ 13 ಮಿಲಿಮೀಟರಿಗೆ ಕಡಿಮೆಯಾಗದು. ತಟ್ಟೆಯ ನೀರನ್ನು ಮಾತ್ರ ದಿನವೂ ಚೆಲ್ಲಿ ಹೊಸ ನೀರು ತುಂಬಬೇಕು. ಒಂದು ವಾರ ಬಿಟ್ಟರೆ ಅದರಲ್ಲಿ ಸೊಳ್ಳೆಗಳು ಸಂಸಾರ ಹೂಡುತ್ತವೆ.